ರಾಕಿ ಬಾಕ್ಸಿಂಗ್ ಗೇಮ್‌ಗಳಲ್ಲಿ ನಿಮಗೆ ಸರಿಹೊಂದುವುದು ಯಾವುದು?

1976ರ ‘ರಾಕಿ’ ಚಿತ್ರದ ಕೊನೆಯಲ್ಲಿ ರಾಕಿ ಸೋಲುತ್ತಾನೆ. ಎಷ್ಟೋ ಜನಕ್ಕೆ ಇದು ನೆನಪೇ ಇರುವುದಿಲ್ಲ. ಚಾಂಪಿಯನ್ ಅಪೋಲೊ ಕ್ರೀಡ್ ಜೊತೆ 15 ರೌಂಡ್ ಕಾದಾಡಿ, ಮುಖವೆಲ್ಲ ಊದಿ, ಕಣ್ಣು ಮುಚ್ಚಿಹೋಗಿ, ಕೊನೆಯ ಗಂಟೆ ಹೊಡೆದಾಗಲೂ ಅವನು ನಿಂತೇ ಇರುತ್ತಾನೆ. ತೀರ್ಪು ಕ್ರೀಡ್ ಕಡೆಗೆ ಹೋಗುತ್ತದೆ. ರಾಕಿಗೆ ಅದರ ಚಿಂತೆಯೇ ಇಲ್ಲ. ಅತ್ತ ತೀರ್ಪು ಓದುತ್ತಿದ್ದರೆ ಇವನು ತನ್ನ ಪ್ರೇಯಸಿ ಏಡ್ರಿಯನ್ ಹೆಸರು ಕೂಗುತ್ತಿರುತ್ತಾನೆ. ಅವನಿಗೆ ಬೇಕಾಗಿದ್ದು ಒಂದೇ, ಕೊನೆಯ ಗಂಟೆಯವರೆಗೂ ಬೀಳದೆ ನಿಲ್ಲುವುದು.

ಈ ಸರಣಿಯ ಮೇಲೆ ಬಂದ ಗೇಮ್‌ಗಳನ್ನು ನಾನು ಅಳೆಯುವುದು ಇದೇ ಅಳತೆಗೋಲಿನಲ್ಲಿ. ಗ್ರಾಫಿಕ್ಸ್ ಹೇಗಿದೆ, ಎಷ್ಟು ಬಾಕ್ಸರ್‌ಗಳಿದ್ದಾರೆ ಅನ್ನುವುದೆಲ್ಲ ಆಮೇಲೆ. ಆಡುವಾಗ ದಮ್ಮು ಕಟ್ಟುತ್ತದಾ? ಬಿದ್ದ ಮೇಲೆ ಏಳುವುದಕ್ಕೆ ನಿಜವಾಗಿ ಕಷ್ಟಪಡಬೇಕಾ? ಪಂದ್ಯಕ್ಕೆ ಮುಂಚೆ ಬೆವರು ಸುರಿಸಿದ್ದಕ್ಕೆ ರಿಂಗಿನಲ್ಲಿ ಏನಾದರೂ ಬೆಲೆ ಇದೆಯಾ? ಈ ಮೂರೂ ಇಲ್ಲದಿದ್ದರೆ ಅದು ರಾಕಿಯ ಚಡ್ಡಿ ಹಾಕಿಕೊಂಡ ಬೇರೆ ಯಾವುದೋ ಗೇಮ್, ಅಷ್ಟೇ.

ನಮ್ಮ ಕಡೆ ರಾಕಿ ಅಂದ ಕೂಡಲೇ ರಾಕಿ ಭಾಯ್ ನೆನಪಾಗುವುದು ಸಹಜ. ನಾನು ಹೇಳುತ್ತಿರುವುದು ಫಿಲಡೆಲ್ಫಿಯಾದ ರಾಕಿ ಬಾಲ್ಬೋವಾ ಬಗ್ಗೆ. ಅವನ ಮೇಲೆ, ಮತ್ತೆ ಅವನು ತರಬೇತಿ ಕೊಟ್ಟ, ಅಪೋಲೊನ ಮಗ ಅಡೋನಿಸ್ ಕ್ರೀಡ್ ಮೇಲೆ, 1983ರಿಂದ 2023ರವರೆಗೆ ಸುಮಾರು ಗೇಮ್‌ಗಳು ಬಂದಿವೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪಾಗುತ್ತದೆ. ನಿಮ್ಮ ಮನೆಯಲ್ಲಿ ಯಾವ ಯಂತ್ರ ಇದೆ, ಯಾರ ಜೊತೆ ಆಡುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಅವಸರದಲ್ಲಿದ್ದರೆ ಇಷ್ಟು ತಿಳಿದುಕೊಳ್ಳಿ. ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಗೇಮ್‌ನ ಒಳಗೇ ನಿಂತಂತೆ ತೋರಿಸುವ ಯಂತ್ರ) ಇದ್ದರೆ ಕಣ್ಣು ಮುಚ್ಚಿ ‘ಕ್ರೀಡ್: ರೈಸ್ ಟು ಗ್ಲೋರಿ’ ತಗೊಳ್ಳಿ. ಮನೆಮಂದಿ ಸೇರಿ ಸೋಫಾ ಮೇಲೆ ಕೂತು ಆಡಬೇಕು ಅಂದರೆ ‘ಬಿಗ್ ರಂಬಲ್ ಬಾಕ್ಸಿಂಗ್’. ಚಿತ್ರಗಳ ಕಥೆಯನ್ನೇ ಮತ್ತೆ ಬದುಕಬೇಕು ಅನ್ನುವವರು ಹಳೆಯ ಪ್ಲೇಸ್ಟೇಷನ್ 2 (ಪಿಎಸ್2) ಹುಡುಕಿಕೊಂಡು ‘ರಾಕಿ ಲೆಜೆಂಡ್ಸ್’ ಹಾಕಿ. ಕಾರಣಗಳನ್ನು ಕೆಳಗೆ ಹೇಳಿದ್ದೇನೆ.

ನಿಮ್ಮದೇ ಕೈ, ನಿಮ್ಮದೇ ಸುಸ್ತು

‘ಕ್ರೀಡ್: ರೈಸ್ ಟು ಗ್ಲೋರಿ’ 2018ರಲ್ಲಿ ಬಂತು. ಮಾಡಿದ್ದು ಸರ್ವಿಯೋಸ್ ಅನ್ನುವ ಅಮೆರಿಕದ ಕಂಪನಿ. ಮೊದಲು ಪ್ಲೇಸ್ಟೇಷನ್ ವಿಆರ್ ಮತ್ತು ಕಂಪ್ಯೂಟರ್ ಹೆಡ್‌ಸೆಟ್‌ಗಳಿಗೆ, 2019ರಲ್ಲಿ ಕ್ವೆಸ್ಟ್ ಅನ್ನುವ ಹೆಡ್‌ಸೆಟ್‌ಗೆ ಬಂತು. 2023ರಲ್ಲಿ, ಮೂರನೇ ‘ಕ್ರೀಡ್’ ಚಿತ್ರ ಬಿಡುಗಡೆಯಾದ ಮೇಲೆ, ‘ಚಾಂಪಿಯನ್‌ಶಿಪ್ ಎಡಿಷನ್’ ಅಂತ ಹೊಸ ಆವೃತ್ತಿ ಬಂತು. ಪಿಎಸ್ ವಿಆರ್2, ಕ್ವೆಸ್ಟ್ 2, ಕಂಪ್ಯೂಟರ್ ಮೂರಕ್ಕೂ ಅದು ಇದೆ. ಈಗ ಕೊಳ್ಳುವವರು ಇದನ್ನೇ ಕೊಳ್ಳಿ. ಮೂರನೇ ಚಿತ್ರದಲ್ಲಿ ಅಡೋನಿಸ್‌ನ ಎದುರಾಳಿಯಾದ ಡೇಮಿಯನ್ ಕೂಡ ಇದರಲ್ಲಿ ಸಿಗುತ್ತಾನೆ.

ಇದರಲ್ಲಿ ಒಂದು ವಿಷಯವನ್ನು ತುಂಬ ಯೋಚನೆ ಮಾಡಿ ಮಾಡಿದ್ದಾರೆ. ಸಾಮಾನ್ಯವಾಗಿ ವಿಆರ್‌ನಲ್ಲಿ ನಿಮ್ಮ ಕೈ ಎಷ್ಟು ಬೇಗ ಆಡುತ್ತದೋ ಪಾತ್ರದ ಕೈಯೂ ಅಷ್ಟೇ ಬೇಗ ಆಡುತ್ತದೆ. ಹಾಗಾಗಿ ಎಲ್ಲರೂ ಬೀಸಣಿಗೆ ಬೀಸಿದಂತೆ ಕೈ ಬೀಸಿ ಗೆದ್ದುಬಿಡುತ್ತಾರೆ. ಇಲ್ಲಿ ಹಾಗಾಗುವುದಿಲ್ಲ. ಒಂದೇ ಸಮ ಗುದ್ದುತ್ತಾ ಹೋದರೆ ನೀವು ಆಡಿಸುವ ಅಡೋನಿಸ್‌ಗೆ ದಮ್ಮು ತೀರುತ್ತದೆ. ಆಗ ನಿಮ್ಮ ಕೈ ಮುಂದೆ ಹೋದರೂ ಪರದೆಯ ಮೇಲಿನ ಗ್ಲೌಸ್ ಹಿಂದೆ ಉಳಿಯುತ್ತದೆ, ನೀರೊಳಗೆ ಆಡಿಸಿದಂತೆ ನಿಧಾನವಾಗಿ ಬರುತ್ತದೆ. ಗುದ್ದಿನಲ್ಲಿ ಬಲವೇ ಇರುವುದಿಲ್ಲ. ಗಾರ್ಡ್ ಎತ್ತಿ, ಎರಡು ಹೆಜ್ಜೆ ಹಿಂದೆ ಸರಿದು, ಉಸಿರು ತಗೊಂಡು ಮತ್ತೆ ಒಳಗೆ ನುಗ್ಗಬೇಕು. ಬಾಕ್ಸಿಂಗ್ ಅಂದರೆ ಇದೇ ಅಲ್ವಾ? ಯಾವಾಗ ಹೊಡೆಯಬಾರದು ಅನ್ನುವುದು ಮೊದಲು ಗೊತ್ತಾಗಬೇಕು.

ನಾಕ್‌ಡೌನ್ ಆದಾಗ ನಡೆಯುವುದಂತೂ ನಾನು ಬೇರೆ ಯಾವ ಬಾಕ್ಸಿಂಗ್ ಗೇಮ್‌ನಲ್ಲೂ ಕಂಡಿಲ್ಲ. ಎದುರಾಳಿಯ ಹುಕ್ ಬಿದ್ದ ತಕ್ಷಣ ನೀವು ನಿಮ್ಮ ದೇಹದಿಂದ ಹೊರಗೆ ಎಸೆಯಲ್ಪಡುತ್ತೀರಿ. ಸುತ್ತ ಕತ್ತಲು. ದೂರದಲ್ಲಿ ರಿಂಗು ಕಾಣುತ್ತದೆ, ಅಲ್ಲಿ ನಿಮ್ಮ ದೇಹ ಬಿದ್ದಿದೆ. ಎರಡೂ ಕೈಗಳನ್ನು ಓಡುವವರ ಹಾಗೆ ಬೀಸುತ್ತಾ ಆ ದೇಹದ ಕಡೆಗೆ ಓಡಬೇಕು. ಎಣಿಕೆ ಮುಗಿಯುವುದರೊಳಗೆ ತಲುಪಿದರೆ ಎದ್ದು ನಿಲ್ಲುತ್ತೀರಿ. ಮೊದಲ ಸಲ ಬಿದ್ದಾಗ ಸುಲಭ. ಎರಡು ಮೂರು ಸಲ ಬಿದ್ದ ಮೇಲೆ ಭುಜ ಉರಿಯುತ್ತಿರುತ್ತದೆ, ಕೈ ಎತ್ತಲು ಆಗುವುದಿಲ್ಲ, ಆದರೂ ಬೀಸಲೇಬೇಕು. 2015ರ ‘ಕ್ರೀಡ್’ ಚಿತ್ರದಲ್ಲಿ ಲಿವರ್‌ಪೂಲ್‌ನ ಪಂದ್ಯದಲ್ಲಿ ಅಡೋನಿಸ್ ಪ್ರಜ್ಞೆ ತಪ್ಪಿ ಬೀಳುತ್ತಾನೆ, ಕಣ್ಣ ಮುಂದೆ ಅಪ್ಪ ಅಪೋಲೊ ಸುಳಿಯುತ್ತಾನೆ, ತಟ್ಟನೆ ಏಳುತ್ತಾನೆ. ಆ ಕ್ಷಣವನ್ನು ನೋಡಿದವರಿಗೆ ಈ ಓಟ ಮೈ ಜುಮ್ಮೆನಿಸುತ್ತದೆ. ಆ ಪಂದ್ಯದಲ್ಲೂ ಅಡೋನಿಸ್ ಅಂಕದ ಮೇಲೆ ಸೋಲುತ್ತಾನೆ ಅನ್ನುವುದನ್ನು ನೆನಪಿಡಿ.

ಇದರಲ್ಲಿ ಕೊರತೆಗಳೂ ಇವೆ. ಕಥೆಯ ಭಾಗ ಚಿಕ್ಕದು, ಒಂದೆರಡು ಸಂಜೆಯಲ್ಲಿ ಮುಗಿದುಹೋಗುತ್ತದೆ. ಆಮೇಲೆ ಬಿಡಿ ಪಂದ್ಯ, ಆನ್‌ಲೈನ್ ಪಂದ್ಯ ಆಡುತ್ತಾ ಹೋಗಬೇಕು. ಇನ್ನೊಂದು, ಹೆಡ್‌ಸೆಟ್ ಇಲ್ಲದವರು ಇದೊಂದು ಗೇಮ್‌ಗೋಸ್ಕರ ಅಷ್ಟು ದುಡ್ಡು ಹಾಕಿ ಹೆಡ್‌ಸೆಟ್ ಕೊಳ್ಳಿ ಅಂತ ನಾನು ಹೇಳಲಾರೆ. ಪಿಎಸ್ ವಿಆರ್2ಗೆ ಪಿಎಸ್5, ಇಲ್ಲವೇ ಅಡಾಪ್ಟರ್ ಜೊತೆ ಒಳ್ಳೆಯ ಕಂಪ್ಯೂಟರ್ ಬೇಕೇ ಬೇಕು. ಕ್ವೆಸ್ಟ್‌ಗೆ ಬೇರೇನೂ ಬೇಡ, ಅದರೊಳಗೇ ಗೇಮ್ ಓಡುತ್ತದೆ. ಅದಕ್ಕೇ ಮನೆಗೆ ಅದು ಹೆಚ್ಚು ಅನುಕೂಲ. ಕೊಳ್ಳುವಾಗ ವಾರಂಟಿ ಯಾರು ಕೊಡುತ್ತಾರೆ, ಎಲ್ಲಿ ರಿಪೇರಿ ಅಂತ ಮೊದಲೇ ಕೇಳಿ.

ಜಾಗದ ಮಾತು ಹೇಳಲೇಬೇಕು. ಎರಡು ಮೀಟರ್‌ಗೆ ಎರಡು ಮೀಟರ್ ಖಾಲಿ ನೆಲ ಬೇಕು. ನಮ್ಮ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಹಾಲ್‌ನ ಟೀಪಾಯ್ ಪಕ್ಕಕ್ಕೆ ಸರಿಸಿದರೆ ಅಷ್ಟು ಸಿಗುತ್ತದೆ. ಆದರೆ ತಲೆ ಮೇಲೆ ಫ್ಯಾನ್ ಇದೆಯಲ್ಲ, ಅದನ್ನು ಎಲ್ಲರೂ ಮರೆಯುತ್ತಾರೆ. ಎತ್ತರದವರು ಅಪ್ಪರ್‌ಕಟ್ ಎತ್ತಿ ಹೊಡೆದರೆ ಕೈ ಅಲ್ಲಿಗೇ ಹೋಗುತ್ತದೆ. ಫ್ಯಾನ್ ಆಫ್ ಮಾಡಿ, ಒಂದು ಟೇಬಲ್ ಫ್ಯಾನ್ ಎದುರಿಗೆ ಇಟ್ಟುಕೊಳ್ಳಿ. ಗಾಳಿಯೂ ಬರುತ್ತದೆ, ಗಾಳಿ ಬರುವ ದಿಕ್ಕಿನಿಂದ ನೀವು ಯಾವ ಕಡೆ ತಿರುಗಿದ್ದೀರಿ ಅಂತಲೂ ಗೊತ್ತಾಗುತ್ತದೆ. ಕಂಟ್ರೋಲರ್‌ನ ಪಟ್ಟಿಯನ್ನು ಮಣಿಕಟ್ಟಿಗೆ ಬಿಗಿಯಾಗಿ ಹಾಕಿಕೊಳ್ಳಿ. ನನ್ನ ಬಲಗೈ ಒಮ್ಮೆ ಪುಸ್ತಕದ ಕಪಾಟಿನ ಅಂಚಿಗೆ ಬಡಿದು ಗೆಣ್ಣು ಊದಿಕೊಂಡಿತ್ತು, ವಾರ ಪೂರ್ತಿ ಪೆನ್ ಹಿಡಿಯಲು ಆಗಲಿಲ್ಲ. ಅಂದಿನಿಂದ ಆಡುವ ಮುಂಚೆ ಕೈ ಚಾಚಿ ಒಂದು ಸುತ್ತು ತಿರುಗಿ ನೋಡುತ್ತೇನೆ.

ಮುಖಕ್ಕೆ ತಾಗುವ ಸ್ಪಂಜು ಹತ್ತು ನಿಮಿಷದಲ್ಲಿ ಬೆವರಿನಲ್ಲಿ ತೊಯ್ದುಹೋಗುತ್ತದೆ. ಒರೆಸಲು ಬರುವ ಸಿಲಿಕಾನ್ ಕವರ್ ಹಾಕಿಸಿದರೆ ಮನೆಯಲ್ಲಿ ನಾಲ್ಕು ಜನ ಸರದಿಯಲ್ಲಿ ಆಡಬಹುದು. ಚಿಕ್ಕ ಮಕ್ಕಳಿಗೆ ಕೊಡುವ ಮುಂಚೆ ಹೆಡ್‌ಸೆಟ್ ಮಾಡಿದವರು ಹೇಳಿರುವ ವಯಸ್ಸಿನ ಮಿತಿ ನೋಡಿ.

ಸೋಫಾ ಮೇಲೆ ಕೂತು ಆಡುವವರಿಗೆ

‘ಬಿಗ್ ರಂಬಲ್ ಬಾಕ್ಸಿಂಗ್: ಕ್ರೀಡ್ ಚಾಂಪಿಯನ್ಸ್’ 2021ರದ್ದು. ಅದೇ ಸರ್ವಿಯೋಸ್ ಮಾಡಿದ್ದು, ಆದರೆ ಸ್ವಭಾವ ಪೂರ್ತಿ ಬೇರೆ. ನಿಂಟೆಂಡೊ ಸ್ವಿಚ್, ಪಿಎಸ್4, ಎಕ್ಸ್‌ಬಾಕ್ಸ್ ಒನ್, ಕಂಪ್ಯೂಟರ್‌ಗೆ ಬಂತು. 20 ಬಾಕ್ಸರ್‌ಗಳಿದ್ದಾರೆ. ರಾಕಿ, ಅಪೋಲೊ, ಮೂರನೇ ‘ರಾಕಿ’ ಚಿತ್ರದ ಎದುರಾಳಿ ಕ್ಲಬ್ಬರ್ ಲ್ಯಾಂಗ್, ನಾಲ್ಕನೆಯದರ ಇವಾನ್ ಡ್ರಾಗೊ, ಅಡೋನಿಸ್ ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ಪ್ರತಿಯೊಬ್ಬರಿಗೂ ಆರ್ಕೇಡ್ ಮೋಡ್‌ನಲ್ಲಿ ಒಂದು ಪುಟ್ಟ ಕಥೆ ಇದೆ.

ಇದರಲ್ಲಿ ಸುಸ್ತು, ದಮ್ಮು ಅನ್ನುವ ಲೆಕ್ಕ ಹಗುರ. ಹೊಡೆದಂತೆ ಒಂದು ಪಟ್ಟಿ ತುಂಬುತ್ತದೆ, ತುಂಬಿದಾಗ ದೊಡ್ಡ ಏಟು ಹಾಕಬಹುದು, ಎದುರಾಳಿ ಹಾರಿ ಬೀಳುತ್ತಾನೆ. ನನ್ನ ಅಳತೆಗೋಲಿನಲ್ಲಿ ಇದಕ್ಕೆ ಅಂಕ ಕಡಿಮೆ. ಆದರೂ ಇದನ್ನು ಬಿಡಿ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅಕ್ಕನ ಮಗ ರಜೆಗೆ ಬಂದಾಗ ಇದನ್ನು ಹಾಕಿದೆ. ಹನ್ನೊಂದು ವರ್ಷದ ಹುಡುಗ, ಒಂದು ಚಿತ್ರವನ್ನೂ ನೋಡಿಲ್ಲ. ಐದು ನಿಮಿಷದಲ್ಲಿ ಬಟನ್‌ಗಳು ಬಂದವು. ಹತ್ತನೇ ನಿಮಿಷದಲ್ಲಿ ನನ್ನನ್ನು ಡ್ರಾಗೊ ಕೈಯಲ್ಲಿ ಮೂಲೆಗೆ ಒತ್ತಿ ಹೊಡೆಯುತ್ತಿದ್ದ. "ಮಾಮ, ಈ ಬಿಳಿ ಕೂದಲಿನವನು ಯಾರು?" ಅಂತ ಕೇಳಿದ. ಆ ರಾತ್ರಿಯೇ ಕೂತು ನಾಲ್ಕನೇ ಚಿತ್ರ ನೋಡಿದೆವು. ಆ ಹಿಮದಲ್ಲಿ ರಾಕಿ ಮರದ ದಿಮ್ಮಿ ಹೊರುವುದು, ಅತ್ತ ಡ್ರಾಗೊ ಯಂತ್ರಗಳ ನಡುವೆ ತಯಾರಾಗುವುದು, ಎಲ್ಲವನ್ನೂ ಬಾಯಿ ಬಿಟ್ಟುಕೊಂಡು ನೋಡಿದ.

ಒಂದು ಎಚ್ಚರಿಕೆ. ಇದರಲ್ಲಿ ಆನ್‌ಲೈನ್ ಪಂದ್ಯ ಇಲ್ಲ. ಇಬ್ಬರು ಆಡಬೇಕಾದರೆ ಒಂದೇ ಕೋಣೆಯಲ್ಲಿ, ಒಂದೇ ಟಿವಿ ಮುಂದೆ ಇರಬೇಕು. ಎರಡನೇ ಕಂಟ್ರೋಲರ್ ಇಲ್ಲದಿದ್ದರೆ ಅದರ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಒಬ್ಬರೇ ಆಡುವವರಿಗೆ ಬೇಗ ಬೇಸರ ಬರುತ್ತದೆ. ತರಬೇತಿ ಅಂತ ಇರುವುದು ಸರಿಯಾದ ಹೊತ್ತಿಗೆ ಬಟನ್ ಒತ್ತುವ ಪುಟ್ಟ ಆಟಗಳು, ಸುಮ್ನೆ ಇವೆ ಅಷ್ಟೇ. ಅಣ್ಣ ತಮ್ಮಂದಿರು, ಗೆಳೆಯರು ಮನೆಗೆ ಬಂದು ಹೋಗುವವರಿದ್ದರೆ ಮಾತ್ರ ಇದಕ್ಕೆ ಬೆಲೆ.

ಕಥೆ ಬೇಕು ಅನ್ನುವವರಿಗೆ ಎರಡು ಹಳೆಯ ಗೇಮ್

ಇಲ್ಲಿ ಎರಡು ಹೆಸರು ಜನರನ್ನು ಗೊಂದಲ ಮಾಡುತ್ತವೆ. 2002ರ ‘ರಾಕಿ’, 2004ರ ‘ರಾಕಿ ಲೆಜೆಂಡ್ಸ್’. ಮೊದಲನೆಯದನ್ನು ಇಂಗ್ಲೆಂಡಿನ ರೇಜ್ ಸಾಫ್ಟ್‌ವೇರ್ ಮಾಡಿತು. ಪ್ಲೇಸ್ಟೇಷನ್ 2, ಎಕ್ಸ್‌ಬಾಕ್ಸ್, ಗೇಮ್‌ಕ್ಯೂಬ್ ಮೂರಕ್ಕೂ ಬಂತು. ಗೇಮ್ ಬಾಯ್ ಅಡ್ವಾನ್ಸ್‌ಗೂ ಒಂದು ಬಂತು, ಆದರೆ ಅದು ಬೇರೆಯದೇ ಚಿಕ್ಕ ಗೇಮ್, ಗೊಂದಲ ಮಾಡಿಕೊಳ್ಳಬೇಡಿ. ಎರಡನೆಯದು ವೆನಮ್ ಗೇಮ್ಸ್ ಮಾಡಿದ್ದು, ಯೂಬಿಸಾಫ್ಟ್ ಹೊರತಂದದ್ದು. ಅದು ಪಿಎಸ್2 ಮತ್ತು ಎಕ್ಸ್‌ಬಾಕ್ಸ್‌ಗೆ ಮಾತ್ರ. ಗೇಮ್‌ಕ್ಯೂಬ್ ಇಟ್ಟುಕೊಂಡವರಿಗೆ ಆಯ್ಕೆಯೇ ಇಲ್ಲ, 2002ರದ್ದೇ ಗತಿ.

2002ರ ಗೇಮ್‌ನಲ್ಲಿ ಮೂವಿ ಮೋಡ್ ಅಂತ ಇದೆ. ಮೊದಲ ಐದು ಚಿತ್ರಗಳ ದಾರಿಯಲ್ಲೇ ನಡೆಯುತ್ತೀರಿ. ಮೊದಲ ಚಿತ್ರದ ಆರಂಭದಲ್ಲಿ ರಾಕಿ ಹೊಡೆದಾಡುವ ಆ ಸಣ್ಣ ಹಾಲ್ ನೆನಪಿದೆಯಾ? ಅಂಥ ಕಡೆಯಿಂದ ಶುರುವಾಗಿ ಅಪೋಲೊ, ಲ್ಯಾಂಗ್, ಡ್ರಾಗೊ, ಕೊನೆಗೆ ಐದನೇ ಚಿತ್ರದ ಟಾಮಿ ಗನ್‌ವರೆಗೆ. ಪಂದ್ಯಗಳ ನಡುವೆ ತರಬೇತಿ. ಅದನ್ನು ಚೆನ್ನಾಗಿ ಮಾಡಿದರೆ ಬಲ, ವೇಗ, ದಮ್ಮು ಏರುತ್ತವೆ. ಉಡಾಫೆ ಮಾಡಿದರೆ ಮುಂದಿನ ಪಂದ್ಯದಲ್ಲಿ ಗೊತ್ತಾಗುತ್ತದೆ. ಪಂದ್ಯ ಸಾಗಿದಂತೆ ಮುಖ ಊದುತ್ತದೆ, ಕಣ್ಣಿನ ಸುತ್ತ ಕಪ್ಪಾಗುತ್ತದೆ. 2002ರಲ್ಲಿ ಇದನ್ನು ಮಾಡಿದ್ದರಲ್ಲಾ ಅಂತ ಈಗ ನೋಡಿದರೂ ಖುಷಿಯಾಗುತ್ತದೆ.

‘ಲೆಜೆಂಡ್ಸ್’ ಅದೇ ಅಡಿಪಾಯದ ಮೇಲೆ ಕಟ್ಟಿದ್ದು. ಹೊಸದಾಗಿ ಸೇರಿದ್ದು ಒಂದೇ ಒಂದು, ಆದರೆ ದೊಡ್ಡದು. ಕರಿಯರ್ ಮೋಡ್‌ನಲ್ಲಿ ರಾಕಿ ಒಬ್ಬನೇ ಅಲ್ಲ, ಅಪೋಲೊ, ಕ್ಲಬ್ಬರ್ ಲ್ಯಾಂಗ್, ಇವಾನ್ ಡ್ರಾಗೊ ಕೂಡ ನಾಯಕರು. ನಾಲ್ಕು ಜನರ ದಾರಿಯನ್ನೂ ಆಡಬಹುದು. ಚಿತ್ರದಲ್ಲಿ ಲ್ಯಾಂಗ್ ಅಂದರೆ ನಮಗೆ ಬರೀ ಸಿಟ್ಟು. ಷಿಕಾಗೊದ ಆ ಮನುಷ್ಯ ಯಾರ ಸಹಾಯವೂ ಇಲ್ಲದೆ ಒಬ್ಬೊಬ್ಬರನ್ನೇ ಕೆಡವುತ್ತಾ ಮೇಲೆ ಬಂದವನು. ಅವನ ಕಡೆಯಿಂದ ಆಡಿದಾಗ ನನಗೆ ಮೂರನೇ ಚಿತ್ರವೇ ಬೇರೆ ಥರ ಕಾಣತೊಡಗಿತು. ಹಸಿದವನು ಅವನೇ, ಹೊಟ್ಟೆ ತುಂಬಿದವನು ರಾಕಿ ಅಂತ ರಾಕಿಯ ಗುರು ಮಿಕ್ಕಿ ಹೇಳುವುದು ಇದನ್ನೇ ಅಲ್ವಾ? ಡ್ರಾಗೊ ಆಗಿ ಆಡುವುದು ಮಾತ್ರ ಇರಿಸುಮುರಿಸು. ಅಪೋಲೊ ಸತ್ತಿದ್ದು ಇವನ ಕೈಯಲ್ಲೇ ಅನ್ನುವುದು ತಲೆಯಿಂದ ಹೋಗುವುದಿಲ್ಲ. ಆ ಇರಿಸುಮುರಿಸೂ ಈ ಗೇಮ್‌ನ ಗಟ್ಟಿತನ ಅಂತಲೇ ನಾನು ಹೇಳುತ್ತೇನೆ.

ಎರಡರಲ್ಲಿ ಒಂದನ್ನೇ ಕೇಳಿದರೆ, ‘ಲೆಜೆಂಡ್ಸ್’. ಆದರೆ ನೀವು ಈ ಚಿತ್ರಗಳನ್ನು ಒಂದರ ಹಿಂದೆ ಒಂದು ನೋಡಿ ಬೆಳೆದವರಾದರೆ, ರಾಕಿಯ ಬದುಕನ್ನು ಮೊದಲಿಂದ ಕೊನೆಯವರೆಗೆ ಸಾಲಾಗಿ ನಡೆಯಬೇಕು ಅನ್ನುವ ಆಸೆ ಇದ್ದರೆ, 2002ರದ್ದೇ ನಿಮಗೆ ಸರಿ.

ಪಿಎಸ್‌ಪಿ (ಕೈಯಲ್ಲಿ ಹಿಡಿದು ಆಡುವ ಹಳೆಯ ಪ್ಲೇಸ್ಟೇಷನ್) ಇನ್ನೂ ಇಟ್ಟುಕೊಂಡವರಿಗೆ 2007ರ ‘ರಾಕಿ ಬಾಲ್ಬೋವಾ’ ಇದೆ. ಆರನೇ ಚಿತ್ರದ ಹೆಸರೇ ಇದಕ್ಕೂ. ಆ ಚಿತ್ರದಲ್ಲಿ ವಯಸ್ಸಾದ ರಾಕಿ ಎದುರಿಸುವ ಮೇಸನ್ ಡಿಕ್ಸನ್ ಇದರಲ್ಲಿದ್ದಾನೆ, ಹಳೆಯ ಪಂದ್ಯಗಳೂ ಇವೆ. ಬಸ್ಸಿನಲ್ಲಿ, ರೈಲಿನಲ್ಲಿ ಒಂದೊಂದು ಪಂದ್ಯ ಆಡಲು ಚೆನ್ನಾಗಿದೆ. ಇದಕ್ಕೋಸ್ಕರ ಪಿಎಸ್‌ಪಿ ಹುಡುಕಿಕೊಂಡು ಹೋಗುವಷ್ಟೇನಿಲ್ಲ.

ಮೊಬೈಲ್‌ನಲ್ಲಿ

ನಮ್ಮಲ್ಲಿ ಹೆಚ್ಚು ಜನಕ್ಕೆ ಕೈಗೆ ಸಿಗುವುದು ಇದೇ, ಹಾಗಾಗಿ ನೇರವಾಗಿ ಹೇಳುತ್ತೇನೆ. ಪೋಲೆಂಡಿನ ವಿವಿಡ್ ಗೇಮ್ಸ್ 2015ರಲ್ಲಿ, ಚಿತ್ರದ ಜೊತೆಜೊತೆಗೇ, ‘ರಿಯಲ್ ಬಾಕ್ಸಿಂಗ್ 2 ಕ್ರೀಡ್’ ತಂದಿತು. ಆಮೇಲೆ ಅದು ‘ರಿಯಲ್ ಬಾಕ್ಸಿಂಗ್ 2 ರಾಕಿ’ ಆಯಿತು. ಈಗ ಬರೀ ‘ರಿಯಲ್ ಬಾಕ್ಸಿಂಗ್ 2’. ಚಿತ್ರದ ಹೆಸರಿನ ಮೇಲೆ ಬರುವ ಗೇಮ್‌ಗಳ ಹಣೆಬರಹ ಇದು. ಹಕ್ಕಿನ ಕರಾರು ಮುಗಿದರೆ ಹೆಸರು ಹೋಗುತ್ತದೆ, ಕೆಲವು ಸಲ ಗೇಮೇ ಸ್ಟೋರ್‌ನಿಂದ ಹೋಗುತ್ತದೆ. ರಾಕಿಗೋಸ್ಕರವೇ ಇಳಿಸಿಕೊಳ್ಳುವುದಾದರೆ ಸ್ಟೋರ್‌ನಲ್ಲಿ ಹಾಕಿರುವ ಚಿತ್ರ, ವಿವರ ಓದಿ ಅವನು ಇದ್ದಾನಾ ನೋಡಿಕೊಳ್ಳಿ.

ಇಳಿಸಿಕೊಳ್ಳಲು ದುಡ್ಡಿಲ್ಲ. ನೋಡಲು ಮೊಬೈಲ್ ಗೇಮ್ ಅಂತ ಅನ್ನಿಸುವುದಿಲ್ಲ, ಅಷ್ಟು ಚೆನ್ನಾಗಿದೆ. ತಟ್ಟಿದರೆ ಜ್ಯಾಬ್, ಬೆರಳು ಎಳೆದರೆ ದೊಡ್ಡ ಏಟು. ಮೊದಲ ಕೆಲವು ದಿನ ಹಬ್ಬ. ಮುಂದೆ ಹೋದಂತೆ ಎದುರಾಳಿಗಳು ಬಲವಾಗುತ್ತಾರೆ, ನಿಮ್ಮ ಬಾಕ್ಸರ್‌ಗೆ ಗ್ಲೌಸ್, ಬಲ ಎಲ್ಲ ಏರಿಸಬೇಕಾಗುತ್ತದೆ. ಅಲ್ಲಿ ಎರಡು ದಾರಿ. ಒಂದು, ಅದೇ ಪಂದ್ಯಗಳನ್ನು ಮತ್ತೆ ಮತ್ತೆ ಆಡುತ್ತಾ ಕಾಯುವುದು. ಇನ್ನೊಂದು, ದುಡ್ಡು ಕೊಡುವುದು. ಬೆವರು ಸುರಿಸಿ ಗಳಿಸಬೇಕಾದ ಬಲವನ್ನು ಅಂಗಡಿಯಲ್ಲಿ ಮಾರುವುದು ರಾಕಿಯ ಕಥೆಗೆ ಒಗ್ಗುವುದಿಲ್ಲ. ಇದು ನನಗೆ ನಿಜವಾಗಿ ಬೇಸರ ತರಿಸಿದ ವಿಷಯ. ಮಕ್ಕಳ ಕೈಗೆ ಕೊಡುವುದಾದರೆ ಫೋನ್‌ನಲ್ಲಿ ಖರೀದಿಗೆ ಪಾಸ್‌ವರ್ಡ್ ಕೇಳುವಂತೆ ಮಾಡಿಟ್ಟು ಕೊಡಿ. ಜಾಸ್ತಿ ನಿರೀಕ್ಷೆ ಇಲ್ಲದೆ ಹತ್ತು ನಿಮಿಷದ ಆಟ ಅಂತ ಇಟ್ಟುಕೊಂಡರೆ ತೊಂದರೆಯಿಲ್ಲ.

ತೀರಾ ಹಳೆಯದು

1983ರಲ್ಲಿ ಕೊಲೆಕೊವಿಷನ್ ಅನ್ನುವ ಆ ಕಾಲದ ಗೇಮ್ ಯಂತ್ರಕ್ಕೆ ಬಂದ ‘ರಾಕಿ ಸೂಪರ್ ಆ್ಯಕ್ಷನ್ ಬಾಕ್ಸಿಂಗ್’ನಲ್ಲಿ ಇರುವುದು ರಾಕಿ ಮತ್ತು ಕ್ಲಬ್ಬರ್ ಲ್ಯಾಂಗ್ ಇಬ್ಬರೇ. ಅದು ಈಗ ಸಂಗ್ರಹ ಮಾಡುವವರ ವಸ್ತು.

1987ರ ಸೆಗಾ ಮಾಸ್ಟರ್ ಸಿಸ್ಟಮ್‌ನ ‘ರಾಕಿ’ ಹಾಗಲ್ಲ. ಮೂರೇ ಎದುರಾಳಿಗಳು, ಕ್ರೀಡ್, ಲ್ಯಾಂಗ್, ಡ್ರಾಗೊ. ಬಟನ್‌ಗಳು ಎರಡೇ. ಪರದೆ ತುಂಬುವ ದೊಡ್ಡ ದೊಡ್ಡ ಬಾಕ್ಸರ್‌ಗಳು, ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಪಂದ್ಯಕ್ಕೆ ಮುಂಚೆ ತರಬೇತಿ ಇದೆ, ಪಂಚಿಂಗ್ ಬ್ಯಾಗ್‌ಗೆ ಸಮಯ ಮುಗಿಯುವುದರೊಳಗೆ ಬಟನ್ ಒತ್ತಿ ಒತ್ತಿ ಗುದ್ದಬೇಕು. ಹೆಬ್ಬೆರಳು ಮರಗಟ್ಟುತ್ತದೆ. ಇಪ್ಪತ್ತು ವರ್ಷ ಆದ ಮೇಲೂ ಪಿಎಸ್‌ಪಿ ಗೇಮ್ ಕೊಡದಿದ್ದ ಆ ನಿಜವಾದ ಸುಸ್ತನ್ನು ಎರಡು ಬಟನ್‌ನಲ್ಲಿ ಕೊಟ್ಟರು. ನನ್ನ ಅಳತೆಗೋಲಿನಲ್ಲಿ ವಿಆರ್ ಗೇಮ್ ಆದ ಮೇಲೆ ನಿಲ್ಲುವುದು ಇದೇ. ಡ್ರಾಗೊನನ್ನು ಕೆಡವುವುದು ಮಾತ್ರ ಬಹಳ ಕಷ್ಟ, ಮೊದಲೇ ಹೇಳಿರುತ್ತೇನೆ.

ರಾಕಿ ಬೇಡ, ಬಾಕ್ಸಿಂಗ್ ಬೇಕು ಅಂದರೆ

ಆಗ ಈ ಸರಣಿಯ ಹೊರಗೆ ನೋಡುವುದೇ ಒಳ್ಳೆಯದು. ಕನ್ಸೋಲ್‌ನಲ್ಲಿ 2024ರ ‘ಅನ್‌ಡಿಸ್ಪ್ಯೂಟೆಡ್’ ಇದೆ. ಇಂಗ್ಲೆಂಡಿನ ಶೆಫೀಲ್ಡ್‌ನ ಸ್ಟೀಲ್ ಸಿಟಿ ಇಂಟರ್‌ಆಕ್ಟಿವ್ ಮಾಡಿದ್ದು. ಮುಹಮ್ಮದ್ ಅಲಿ ಸೇರಿದಂತೆ ನಿಜವಾದ ಬಾಕ್ಸರ್‌ಗಳಿದ್ದಾರೆ. ಹೆಜ್ಜೆ, ಕೋನ, ದಮ್ಮಿನ ಲೆಕ್ಕ ಎಲ್ಲ ಆಳವಾಗಿದೆ. ಕಲಿಯಲು ತಾಳ್ಮೆ ಬೇಕು. ವಿಆರ್‌ನಲ್ಲಿ ‘ದ ಥ್ರಿಲ್ ಆಫ್ ದ ಫೈಟ್’ ಇದೆ. ಅದರಲ್ಲಿ ಕಥೆಯಿಲ್ಲ, ಹಾಡಿಲ್ಲ. ಎದುರಿಗೊಬ್ಬ ಬಾಕ್ಸರ್, ಇತ್ತ ನೀವು. ನಿಮ್ಮ ಗುದ್ದಿನ ಬಲವೇ ಬಲ, ನಿಮ್ಮ ಉಸಿರೇ ಉಸಿರು. ವ್ಯಾಯಾಮಕ್ಕೆ ಅಂತ ಕೇಳುವವರಿಗೆ ನಾನು ರಾಕಿ ಬಿಟ್ಟು ಇದನ್ನೇ ಹೇಳುತ್ತೇನೆ.

ಹಳೆಯ ಡಿಸ್ಕ್ ಕೊಳ್ಳುವ ಮುಂಚೆ

‘ಲೆಜೆಂಡ್ಸ್’ ಆರಿಸಿಕೊಂಡವರಿಗೆ ಕೊನೆಯದಾಗಿ ಕೆಲವು ಮಾತು. ಪಿಎಸ್4, ಪಿಎಸ್5ನಲ್ಲಿ ಪಿಎಸ್2 ಡಿಸ್ಕ್ ಓಡುವುದಿಲ್ಲ. ಪಿಎಸ್3ನಲ್ಲಿ ಮೊದಮೊದಲು ಬಂದ ಕೆಲವು ಮಾಡೆಲ್‌ಗಳಲ್ಲಿ ಮಾತ್ರ ಓಡುತ್ತದೆ. ಡಿಸ್ಕ್ ಯಾವ ದೇಶದ ಆವೃತ್ತಿ, ನಿಮ್ಮ ಕನ್ಸೋಲ್ ಯಾವುದು ಅಂತ ಹೊಂದಿಸಿ ನೋಡಿ. ಅಮೆರಿಕದಿಂದ ಬಂದ ಡಿಸ್ಕ್ ಇಲ್ಲಿ ಕೊಂಡ ಯಂತ್ರದಲ್ಲಿ ಓಡದಿರಬಹುದು. ಮೆಮೊರಿ ಕಾರ್ಡ್ ಮರೆಯಬೇಡಿ. ಅದಿಲ್ಲದೆ ಕರಿಯರ್ ಉಳಿಯುವುದಿಲ್ಲ.

ಫೋಟೊ ನೋಡಿ ದುಡ್ಡು ಕೊಡಬೇಡಿ. ನಾನು ಹಾಗೆ ಕೊಟ್ಟು ಒಮ್ಮೆ ಪೆಟ್ಟು ತಿಂದೆ. ಫೋಟೊದಲ್ಲಿ ಹೊಳೆಯುತ್ತಿದ್ದ ಡಿಸ್ಕ್, ಕೈಗೆ ಬಂದಾಗ ಹಿಂಭಾಗದಲ್ಲಿ ಸುತ್ತಲೂ ಗೀರು. ಡ್ರಾಗೊ ಪಂದ್ಯ ಲೋಡ್ ಆಗುವಾಗ ಪ್ರತಿ ಸಲ ಅಲ್ಲೇ ನಿಲ್ಲುತ್ತಿತ್ತು. ಕೈಯಲ್ಲಿ ಹಿಡಿದು, ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ತಿರುಗಿಸಿ ನೋಡಿ. ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಹೋದ ಗೀರಾದರೆ ಅಷ್ಟು ಭಯವಿಲ್ಲ. ಸುತ್ತಲೂ ಬಳೆಯಂತೆ ಬಿದ್ದ ಗೀರಾದರೆ ವಾಪಸ್ ಕೊಟ್ಟುಬಿಡಿ.